ಗುಳೇದಗುಡ್ಡದ ಎಳೆಯೂ ಗಾಜಿನ ಎಲೆಯೂ

ಬಾದಾಮಿಯಿಂದ ಗುಳೇದಗುಡ್ಡಕ್ಕೆ ಸಾಗುವ ಪ್ರಯಾಣಿಕನನ್ನು ಕೆಂಬಣ್ಣದ ಮರಳುಗಲ್ಲಿನ ಗುಡ್ಡಗಳು ಊರಿನವರೆಗೂ ಹಿಂಬಾಲಿಸುತ್ತವೆ. ಕಳೆದ ಬೇಸಗೆಯಲ್ಲಿ ಈ ದಾರಿಯಲ್ಲಿ ನಮ್ಮ ಸಂಗಡ ಬಂದವಳು ನಮ್ಮ ಹಳೆಯ ಶಿಷ್ಯನೊಬ್ಬನ ಮಗಳು. ಬೆಂಗಳೂರಿನಲ್ಲಿ ಶಿಲ್ಪವಿದ್ಯೆಯನ್ನು ಅಭ್ಯಾಸಮಾಡುತ್ತಿರುವ ವಿದ್ಯಾರ್ಥಿನಿ. ಅವಳ ಮಡಿಲಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಅರಳೆಯಲ್ಲಿ ಸುತ್ತಿದ ಗಾಜಿನ ಚೂರುಗಳು.

ಆ ಚೂರುಗಳ ವೃತ್ತಾಂತವನ್ನು ವಾಚಕರು ಕೇಳಬೇಕು. ಜರ್ಮನಿಯ ಬ್ಲಾಷ್ಕಾ ಎಂಬ ತಂದೆ ಮಕ್ಕಳು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಗಾಜಿನಲ್ಲಿ ಸಸ್ಯಗಳನ್ನು ನಿರ್ಮಿಸಿಕೊಟ್ಟರು. 1887ರಲ್ಲಿ ತೊಡಗಿದ ಕಾರ್ಯವು, ತಂದೆ 1895ರಲ್ಲಿ ತೀರಿಕೊಂಡ ಮೇಲೆಯೂ ಮಗನ ಕೈಯಲ್ಲಿ 1936ರವರೆಗೆ ನಡೆಯಿತು. ಅವುಗಳ ಚಿತ್ರಗಳನ್ನು ಕಂಡ ಈ ಹುಡುಗಿಗೆ ತಮ್ಮ ಅಂಗಳದ ತುಳಸಿಯನ್ನು ಗಾಜಿನಲ್ಲಿ ಮೂಡಿಸುವ ಹಂಬಲ ಹುಟ್ಟಿತು.

ಗಾಜಿನ ಕಡ್ಡಿಯನ್ನು ಜ್ವಾಲೆಯಲ್ಲಿ ಹಿಡಿದು ಎಡೆಬಿಡದೆ ತಿರುಗಿಸಬೇಕು. ಕೈ ನಿಂತೊಡನೆ ಕರಗಿದ ಗಾಜು ಒಂದು ಮಗ್ಗುಲಿಗೆ ಜೋತುಬೀಳುವುದು. ಜೇನಿನಂತೆ ಮೆತ್ತಗಾದಾಗ ಇಕ್ಕುಳದಿಂದ ಅದುಮಿ ಎಲೆಯ ಆಕಾರವನ್ನು ತರಬೇಕು. ಮೂರು ಸಲ ಎಲೆ ಮೂಡಿತು; ಮೂರು ಸಲವೂ ಬೆಳಗಾಗುವಷ್ಟರಲ್ಲಿ ಸೀಳಿತ್ತು. ಹೊರಮೈ ಮೊದಲು ತಣಿದು ಗಟ್ಟಿಯಾಗುವುದು, ಒಳಮೈ ಆಮೇಲೆ ತಣಿದು ಕುಗ್ಗಲೆಳಸುವುದು. ಈ ಸೆಳೆದಾಟವನ್ನು ಗಾಜು ತಾಳಲಾರದು. ಆದಕಾರಣ ಅದನ್ನು 500 ಡಿಗ್ರಿಯ ಆಸುಪಾಸಿನಲ್ಲಿ ಕಾದ ಗೂಡಿನಲ್ಲಿಟ್ಟು ಮೆಲ್ಲಮೆಲ್ಲನೆ ತಣಿಸಬೇಕು. ಇದು ಅವಳಿಗೆ ತಿಳಿಯದುದಲ್ಲ, ಆತುರ ತಡೆಯಲಿಲ್ಲ. ಮೇಲಾಗಿ ಪ್ರತಿಯೊಂದು ನರವನ್ನೂ ತರುವ ಹಟದಿಂದ ಎಲೆಯು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿತ್ತು.

"ಅಜ್ಜಾರ, ಈ ವಿದ್ಯಾ ಬಿಟ್ಟಬಿಡ್ಲೇನ್ರೀ?" ಎಂದು ಕೇಳಿದಳು. ವ್ಯಾಕರಣವನ್ನು ಕಲಿಸಿದ ನಮ್ಮಲ್ಲಿ ಗಾಜಿಗೆ ಉತ್ತರವಿರಲಿಲ್ಲ. ಆದುದರಿಂದ ನೇಕಾರರಲ್ಲಿಗೆ ಕರೆದೊಯ್ದೆವು.

ಗುಳೇದಗುಡ್ಡದ ಖಣವನ್ನು ಅರಿಯದ ಗೃಹಿಣಿಯರು ನಮ್ಮ ಕಡೆ ವಿರಳ. ಇಳಕಲ್ಲ ಸೀರೆಗೆ ಜೊತೆಯಾದ ಕುಬಸದ ಬಟ್ಟೆಯಿದು. ಉಡಿ ತುಂಬುವಾಗ ತೆಂಗಿನಕಾಯಿಯೊಡನೆ ಇಡತಕ್ಕದ್ದು. ಹಾಸಿನಲ್ಲಿ ಬೇರೆಯಾಗಿ ಸೇರಿಸಿದ ಎಳೆಗಳು ಲೆಕ್ಕಕ್ಕೆ ಸರಿಯಾಗಿ ಏಳುತ್ತ ಇಳಿಯುತ್ತ ಚಿತ್ತಾರವನ್ನು ಮೂಡಿಸುತ್ತವೆ. ಸೂರ್ಯನಾರಾಯಣ, ತೇರು, ಆನೆಹೆಜ್ಜೆ, ತುಳಸಿಎಲೆ ಇವೆಲ್ಲ ಆ ಲೆಕ್ಕದ ಮಕ್ಕಳು.

ಕುಣಿಮಗ್ಗದಲ್ಲಿ ಕುಳಿತಿದ್ದ ವೃದ್ಧರು ಲಾಳಿಯನ್ನು ನಿಲ್ಲಿಸಿ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದರು. ತರುವಾಯ ತಮ್ಮ ಖಣದ ಮೇಲೆ ಬೆರಳಿಟ್ಟರು. "ನೋಡ ತಂಗೆವ್ವ, ಎಲಿ ಬಳಕತೈತಿ, ಎಳಿ ನೆಟ್ಟಗ ಹೋಗತೈತಿ. ಎಳಿ ಒಪ್ಪಿದಷ್ಟ ಎಲಿ ನಾವು ನೇಯತೀವಿ. ನಿನ್ನ ಗಾಜು ಏನ ಒಪ್ಪತೈತಿ, ಕೇಳಿಯೇನು?"

ಹುಡುಗಿ ಮಾತನಾಡಲಿಲ್ಲ. ಆ ಖಣದ ತುಳಸಿಯಲ್ಲಿ ನರವೂ ಇಲ್ಲ, ಅಂಚಿನ ಹಲ್ಲೂ ಇಲ್ಲ. ಆದರೂ ತುಳಸಿಯೆಂದು ಮಗುವೂ ಗುರುತಿಸುವುದು. ಸಂಜೆಯವರೆಗೆ ಅವಳು ಮಗ್ಗದ ಬಳಿಯಿಂದ ಏಳಲಿಲ್ಲ. ಹೊರಡುವಾಗ ವೃದ್ಧರು ನಮ್ಮ ಕಡೆ ತಿರುಗಿ, "ಗುರುಗಳ, ನಮ್ಮ ಹುಡುಗರು ಇಷ್ಟೊತ್ತು ಇದರ ಮುಂದ ಕೂಡಾಕ ಒಲ್ಲರ್ರೀ" ಎಂದರು. ಯಂತ್ರಮಗ್ಗದ ಅಗ್ಗದ ಅರಿವೆಯ ಮುಂದೆ ಕೈಮಗ್ಗದ ಕೂಲಿ ಸಾಲದೆಂಬುದು ನಮಗೂ ತಿಳಿದಿತ್ತು. ಏನು ಹೇಳಲೂ ತೋಚಲಿಲ್ಲ.

ದೀಪಾವಳಿಗೆ ಅವಳಿಂದ ಒಂದು ಪೆಟ್ಟಿಗೆ ಬಂದಿತು. ಅದರಲ್ಲಿ ಸಮದಪ್ಪದ ಐದು ಎಲೆಗಳ ಗಾಜಿನ ತುಳಸಿಕುಡಿ. ರಾತ್ರಿಯೆಲ್ಲ ಗೂಡಿನಲ್ಲಿ ತಣಿದದ್ದು. ಒಂದೆಲೆ ತುಸು ಓರೆಯಾಗಿದೆ. ಗಾಜು ತಾನಾಗಿ ಬಾಗಿದ್ದನ್ನು ತಿದ್ದಲಿಲ್ಲವೆಂದು ಬರೆದಿದ್ದಳು. ಮರಳೇ ಗಾಜಿನ ಮೂಲದ್ರವ್ಯ. ಗುಳೇದಗುಡ್ಡದ ಬಂಡೆಗಳೂ ಮರಳಿನಿಂದಲೇ ಆದವು. ಅದನ್ನು ಕಿಟಕಿಯಲ್ಲಿಟ್ಟು ನೋಡುವಾಗಲೆಲ್ಲ ನಮಗೆ ಆ ಗುಡ್ಡವೂ ಆ ಮಗ್ಗವೂ ನೆನಪಾಗುತ್ತವೆ. ಮುಂದಿನ ಸಲ ಉಡಿಗೆ ಖಣ ಕೊಳ್ಳುವಾಗ, ತಾಯಂದಿರೇ, ಅದು ಕೈಮಗ್ಗದ್ದೇ ಎಂದು ಒಮ್ಮೆ ಕೇಳಿರಿ.