ಫ್ರಿಜ್‌ನ ತಳದ ಧೂಳು

ಆಯುಧಪೂಜೆಯ ದಿನ ಬೇ ಏರಿಯಾದ ನಮ್ಮ ಮನೆಗಳಲ್ಲಿ ಕಾರಿಗೆ ಹಾರ, ಲ್ಯಾಪ್‌ಟಾಪಿಗೆ ಕುಂಕುಮ, ಮಿಕ್ಸಿಗೊಂದು ಹೂವು ಸಲ್ಲುತ್ತವೆ. ಫ್ರಿಜ್ಜಿಗೂ ಬಾಗಿಲ ಮೇಲೊಂದು ಬೊಟ್ಟು. ಅದರ ತಳವನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ಫ್ರಿಜ್ ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತದೆ. ಚೆಲ್ಲುವ ಕೆಲಸ ಕಂಡೆನ್ಸರ್ ಕಾಯಿಲ್‌ನದು. ಊರಿನ ಹಳೆಯ ಫ್ರಿಜ್‌ಗಳ ಬೆನ್ನಿಗೆ ಕಪ್ಪು ಕೊಳವೆಗಳ ಜಾಲರಿ ಇರುತ್ತಿತ್ತಲ್ಲ, ಅದೇ ಇದು. ಇಲ್ಲಿನ ಅನೇಕ ಫ್ರಿಜ್‌ಗಳಲ್ಲಿ ಅದು ತಳದಲ್ಲಿ ಅಡಗಿದ್ದು, ಸಣ್ಣ ಫ್ಯಾನೊಂದು ನೆಲಮಟ್ಟದ ಗಾಳಿಯನ್ನು ಎಳೆದು ಅದರ ಮೇಲೆ ಹಾಯಿಸುತ್ತದೆ. ಗಾಳಿಯೊಡನೆ ಬಂದ ಧೂಳು, ತಲೆಗೂದಲು ಕೊಳವೆಗಳಿಗೆ ಕಂಬಳಿ ಹೊದಿಸುತ್ತವೆ. ನಮ್ಮ ಅಡುಗೆಮನೆಗಳಲ್ಲಿ ಅದಕ್ಕೆ ಒಗ್ಗರಣೆಯ ಜಿಡ್ಡೂ ಸೇರುವುದರಿಂದ ಊದಿದರೆ ಹಾರುವ ಧೂಳಲ್ಲ ಅದು.

2022ರ ಸೆಪ್ಟೆಂಬರ್ 6ರಂದು ಸ್ಯಾನ್ ಹೊಸೆಯಲ್ಲಿ ತಾಪಮಾನ 109 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಕ್ಯಾಲಿಫೋರ್ನಿಯಾದ ವಿದ್ಯುತ್ ಬೇಡಿಕೆ 52,061 ಮೆಗಾವಾಟ್‌ಗೇರಿ ದಾಖಲೆಯಾಯಿತು. ಸಂಜೆ ವಿದ್ಯುತ್ ಉಳಿಸಿರೆಂದು ಕೋಟ್ಯಂತರ ಫೋನುಗಳಿಗೆ ತುರ್ತು ಸಂದೇಶ ಬಂತು. ಆಗಷ್ಟೇ ನಾವು ಬಾಡಿಗೆ ಮನೆಯೊಂದಕ್ಕೆ ಬಂದಿದ್ದೆವು. ಫ್ರಿಜ್ ಮನೆಯೊಂದಿಗೇ ಬಂದದ್ದು. ಅದರೊಳಗೆ ಅಪ್ಪ ಊರಿನಿಂದ ತಂದಿದ್ದ ಆರು ತಿಂಗಳ ಇನ್ಸುಲಿನ್ ಇತ್ತು.

ಬಳಸದೆ ಇಟ್ಟ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಸ್ವಲ್ಪ ಹೊತ್ತು ಹೊರಗಿದ್ದರೆ ಕೆಡದು, ನಿಜ. ಆದರೆ ಇದು ತಿಂಗಳುಗಟ್ಟಲೆ ಬಾಳಬೇಕಾದ ದಾಸ್ತಾನು, ಇಲ್ಲಿ ಮತ್ತೆ ಕೊಳ್ಳಹೊರಟರೆ ಬೆಲೆ ಕೇಳಿಯೇ ಸಕ್ಕರೆ ಏರೀತು! ಒಳಗಿಟ್ಟ ಥರ್ಮಾಮೀಟರ್ 9 ತೋರಿಸುತ್ತಿತ್ತು. ಕಂಪ್ರೆಸರ್ ಒಂದು ಗಳಿಗೆಯೂ ನಿಲ್ಲದೆ ಓಡುತ್ತಿತ್ತು. ಅಪ್ಪ ಪಕ್ಕದಲ್ಲಿ ಕೈಯಿಟ್ಟು ನೋಡಿ, "ಇದಕ್ಕೆ ಉಸಿರು ಕಟ್ಟಿದೆ ಕಣೋ" ಎಂದರು.

ಔಷಧವನ್ನು ಪಕ್ಕದ ಬೀದಿಯ ಕನ್ನಡಿಗರ ಮನೆಗೆ ಸಾಗಿಸಿ, ಪ್ಲಗ್ ಕಿತ್ತು, ತಳದ ಜಾಲರಿ ತೆಗೆದೆವು. ಉದ್ದನೆಯ ತೆಳು ಬ್ರಷ್‌ನಿಂದ ಮೆಲ್ಲನೆ ಕೆರೆದು, ವ್ಯಾಕ್ಯೂಮ್ ಹಿಡಿದಾಗ ಬೂದುಬಣ್ಣದ ಮುದ್ದೆಗಳು ಹೊರಬಂದವು. ಅದರಲ್ಲಿ ಬೆಕ್ಕಿನ ಕೂದಲೂ ಇತ್ತು, ನಮ್ಮಲ್ಲಿ ಬೆಕ್ಕಿಲ್ಲ. ಮರುದಿನ ಬೆಳಿಗ್ಗೆ ಥರ್ಮಾಮೀಟರ್ 4ಕ್ಕಿಳಿದಿತ್ತು, ಕಂಪ್ರೆಸರ್ ನಡುನಡುವೆ ಸುಮ್ಮನಾಗುತ್ತಿತ್ತು.

ಈಗಿನ ಕೆಲವು ಮಾದರಿಗಳಲ್ಲಿ ಕಾಯಿಲ್ ಪಕ್ಕದ ಗೋಡೆಯೊಳಗೇ ಇರುತ್ತದೆ. ಅಂಥವಕ್ಕೆ ಈ ಕೆಲಸವಿಲ್ಲ. ಹಿಂಬದಿ ಶುಚಿಗೊಳಿಸಲು ಫ್ರಿಜ್ ಎಳೆಯುವವರು ಐಸ್ ಮಾಡುವ ಯಂತ್ರದ ನೀರಿನ ಕೊಳವೆಯನ್ನು ಮೊದಲು ನೋಡಿಕೊಳ್ಳಿ. ಬ್ರಷ್ ಬೇಕಾದವರು ನಮ್ಮನ್ನು ಕೇಳಬೇಡಿ: ಅದು ಇನ್ಸುಲಿನ್ ಕಾದವರ ಮನೆಗೆ ಹೋಗಿ, ಅಲ್ಲಿಂದ ಫ್ರೀಮಾಂಟ್‌ನ ಅವರ ತಂಗಿಯ ಮನೆ ಸೇರಿದೆ.