ಬೇಡವಾದವರ ಪಾಲಿಗೆ

ಅಕ್ಕಲಕೋಟೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಣ್ಣುಮಗಳೊಬ್ಬಳು ನನ್ನ ಕೈಯಲ್ಲಿದ್ದ ಬೈಬಲ್ ನೋಡಿ, "ಯಕ್ಕಾ, ನೀವು ಈ ಧರ್ಮಾ ಯಾವಾಗ ತಗೊಂಡ್ರಿ?" ಅಂತ ಕೇಳಿದಳು. ಕುಹಕ ಇರಲಿಲ್ಲ. ಅವತ್ತು ಗುರುವಾರ, ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವಳು, ಮಡಿಲಲ್ಲಿ ಹೂವಿನ ಪೊಟ್ಟಣ. "ನಮ್ಮ ಮುತ್ಯಾನ ಕಾಲದಿಂದ ಐತವ್ವಾ" ಅಂದೆ. ಆದರೆ ಪ್ರಶ್ನೆ ಮನಸ್ಸಿನಿಂದ ಇಳಿಯಲಿಲ್ಲ. ಸೊಲ್ಲಾಪುರದ ಚಾದರದಂತೆ ನಾಲ್ಕಾರು ದೇವರನ್ನು ಬಿಡಿಸಿ ನೋಡಿ, ಬಣ್ಣ ಒಪ್ಪಿದ್ದನ್ನು ಮಡಚಿಸಿಕೊಂಡು ಬಂದೆವೇನು ನಾವು!

ಅವ್ವ ಇದ್ದಿದ್ದರೆ ಚೆನ್ನಾಗಿ ಉತ್ತರ ಕೊಡುತ್ತಿದ್ದಳು. ಅವ್ವ ಬೀಡಿ ಕಟ್ಟುತ್ತಿದ್ದಳು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಎಲೆ ನೆನೆಹಾಕಿ, ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಕಾರಖಾನೆಗೆ ಒಯ್ದರೆ, ಅಲ್ಲಿ ನೋಡುವವನು ಕಟ್ಟಿನೊಳಗೆ ಬೆರಳಾಡಿಸುತ್ತಿದ್ದ. ಇದು ಸಡಿಲು, ಇದು ಗಿಡ್ಡ, ಇದರ ಎಲೆ ಹರಿದದೆ ಅಂತ ಬದಿಗೆ ಎಸೆಯುತ್ತಿದ್ದ. ಎಸೆದದ್ದಕ್ಕೆ ಕೂಲಿಯಿಲ್ಲ, ಬೀಡಿಯೂ ವಾಪಸು ಬರುತ್ತಿರಲಿಲ್ಲ. ಅಂಥ ದಿನ ಸಂಜೆ ಅವ್ವ ಮರಾಠಿ ಬೈಬಲ್ ತೆಗೆದು ಯೋಹಾನನ ಸುವಾರ್ತೆಯ ಹದಿನೈದನೇ ಅಧ್ಯಾಯ ಓದುತ್ತಿದ್ದಳು. ಓದುವುದು ಮರಾಠಿಯಲ್ಲಿ, ನಮಗೆ ತಿಳಿಸುವುದು ಕನ್ನಡದಲ್ಲಿ: "ನಾವು ಅವನ್ನ ಆರಿಸ್ಕೊಂಡಿಲ್ಲವ್ವಾ. ಅವನಽ ನಮ್ಮನ್ನ ಆರಿಸ್ಕೊಂಡಾನ." ದಿನವೆಲ್ಲ ತಾನು ಕಟ್ಟಿದ್ದನ್ನು ಬೇಡವೆಂದು ಎಸೆಸಿಕೊಂಡು ಬಂದವಳ ಬಾಯಲ್ಲಿ ಆ ಮಾತು ಕೇಳಬೇಕಿತ್ತು.

ದೇವರೇ ಮೊದಲು ಬರುತ್ತಾನೆ ಎಂಬುದು ನಮ್ಮೂರಿಗೆ ಹೊಸದೂ ಅಲ್ಲ. ಸೊನ್ನಲಿಗೆಯ, ಅಂದರೆ ನಮ್ಮ ಸೊಲ್ಲಾಪುರದ, ಸಿದ್ಧರಾಮ ಹೊಲ ಕಾಯುವ ಹುಡುಗ. ಮನೆಯವರ ಕಣ್ಣಿಗೆ ಮಾತು ಬಾರದ ಪೆದ್ದ. ಶಿವ ಮಲ್ಲಯ್ಯನಾಗಿ ಬಂದದ್ದು ಅವನ ಹೊಲಕ್ಕೇ. ಹುಡುಗ ಅವನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಅಳುತ್ತ ಹೋದದ್ದು ಆಮೇಲೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜ ಹೊರುವವರಿಗೆಲ್ಲ ಈ ಕಥೆ ಗೊತ್ತು. ಅದು ಅವರ ಭಕ್ತಿ, ನನ್ನದು ಬೇರೆ. ಆದರೂ ಸಂಕ್ರಾಂತಿಗೆ ಆ ಹುಡುಗನ ನೆನಪಾದಾಗ ನನ್ನ ಮನಸ್ಸು ಮೆತ್ತಗಾಗುತ್ತದೆ.

ಆರಿಸಲ್ಪಟ್ಟೆವು ಅಂತ ಎದೆ ಸೆಟೆಸಿ, ಚರ್ಚಿನೊಳಗೆ ಮುಂದಿನ ಬೆಂಚು ತಮ್ಮ ವತನ ಅಂದುಕೊಂಡವರು ನಮ್ಮಲ್ಲೂ ಇದ್ದಾರೆ. ಅಂಥವರನ್ನು ಕಂಡಾಗ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಅವರು ಕನ್ನಡ ಸೀಮೆಯಲ್ಲಿ ಹುಟ್ಟಿದವರು: 1858ರಲ್ಲಿ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಊರವರನ್ನು ಎದುರುಹಾಕಿಕೊಂಡವರು. ಆ ತಾಯಿ ಮಗಳಿಗೆ ಕಲಿಸಿದಳು. ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತಿದ ಆ ಕುಟುಂಬ ಬರಗಾಲಕ್ಕೆ ಸಿಕ್ಕಿತು; ತಂದೆ, ತಾಯಿ, ಅಕ್ಕ ಸತ್ತರು. ಉಳಿದ ಅಣ್ಣನೊಂದಿಗೆ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂದು ಬಿರುದು ಕೊಟ್ಟರು. ಮುಂದೆ ಅಣ್ಣ ತೀರಿಕೊಂಡ, ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನೂ ಹೋದ. ಕಂಕುಳಲ್ಲಿ ಮಗಳು ಮನೋರಮಾ.

ಬಿರುದು ಹೊತ್ತ ಈ ಹೆಣ್ಣಿನ ಮನಸ್ಸನ್ನು ತಟ್ಟಿದ್ದು ಯಾವ ತರ್ಕವೂ ಅಲ್ಲ. ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ, ಸಮಾಜ ಕೆಟ್ಟವರೆಂದು ಹೊರಗಿಟ್ಟ ಹೆಂಗಸರನ್ನು ಸನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ಕಂಡರು. ಯಾಕೆ ಹೀಗೆ ಎಂದು ಕೇಳಿದರೆ, ಒಬ್ಬಾಕೆ ಬಾವಿಯ ಬಳಿ ಯೇಸು ಸಮಾರ್ಯದ ಹೆಣ್ಣನ್ನು ಮಾತಾಡಿಸಿದ ಕಥೆ ಓದಿ ಹೇಳಿದರು. ಊರು ದೂರವಿಟ್ಟವಳ ಹತ್ತಿರ ನೀರು ಕೇಳಿದ ದೇವರು! 1883ರಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನದು: ಎಂಟು ವರ್ಷ ಕಳೆದ ಮೇಲೆ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಅವರಿಗೆ ಹೊಳೆಯಿತು. ಧರ್ಮವನ್ನು ಅವರು ಓದಿ, ಅಳೆದು, ವಾದಿಸಿ ಆರಿಸಿಕೊಂಡಿದ್ದರು. ತನ್ನನ್ನು ಆರಿಸಿಕೊಂಡವನೊಬ್ಬನಿದ್ದಾನೆ ಎಂಬುದು ಆಮೇಲೆ ತಿಳಿಯಿತು.

ತಿಳಿದ ಮೇಲೆ ಮಾಡಿದ್ದೇನು? 1896ರ ಬರದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ, ಹಸಿದ ಎಳೆಯ ವಿಧವೆಯರನ್ನು, ಅನಾಥ ಹುಡುಗಿಯರನ್ನು ನೂರುಗಟ್ಟಲೆ ಕರೆತಂದರು. ನಮ್ಮ ಸೊಲ್ಲಾಪುರ–ಪುಣೆ ರೈಲುದಾರಿಯ ಕೇಡಗಾಂವದಲ್ಲಿ ಅವರಿಗಾಗಿ 'ಮುಕ್ತಿ' ಎಂಬ ಆಶ್ರಮ ಎದ್ದಿತು. ಮುಪ್ಪಿನವರಿಗೆ, ರೋಗಿಗಳಿಗೆ ಪ್ರೀತಿ ಸದನ, ದಾರಿ ತಪ್ಪಿಸಲ್ಪಟ್ಟವರಿಗೆ ಕೃಪಾ ಸದನ. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸಿದವಳು ಮಗಳು ಮನೋರಮಾ. ಯಾರ ಲೆಕ್ಕಕ್ಕೂ ಬಾರದವರಿಗೆ ಅಲ್ಲಿ ಹೆಸರಿತ್ತು, ಕೆಲಸವಿತ್ತು, ಊಟವಿತ್ತು. ಆರಿಸಿಕೊಂಡವನ ಗುರುತು ನನಗೆ ಸಿಗುವುದು ಮುಂದಿನ ಬೆಂಚಿನಲ್ಲಲ್ಲ, ಇಲ್ಲಿ.

ಹಾಗಂತ ಆರಿಸಲ್ಪಟ್ಟವರಿಗೆ ಕೇಡು ತಟ್ಟುವುದಿಲ್ಲವೆಂದಲ್ಲ. 1921ರಲ್ಲಿ ಮನೋರಮಾ ತಾಯಿಗಿಂತ ಮುಂಚೆ ಹೋದಳು. ಒಂಬತ್ತು ತಿಂಗಳಿಗೆ, 1922ರ ಏಪ್ರಿಲ್ 5ರಂದು, ರಮಾಬಾಯಿ ತೀರಿಕೊಂಡರು. ಆ ಒಂಬತ್ತು ತಿಂಗಳೂ ಬೈಬಲಿನ ಮರಾಠಿ ಅನುವಾದದ ಕೆಲಸ ಕೈಬಿಡಲಿಲ್ಲ. ಹೀಬ್ರೂ, ಗ್ರೀಕ್ ಕಲಿತು, ಓದು ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬರೆದದ್ದು. ನಮ್ಮವ್ವನಂಥವರಿಗಾಗಿ.

ಮುಂದಿನ ಸಲ ಪುಣೆಗೆ ಹೋಗುವಾಗ ಪ್ಯಾಸೆಂಜರ್ ಗಾಡಿ ಹಿಡಿದು ಕೇಡಗಾಂವದಲ್ಲಿ ಇಳಿಯುತ್ತೇನೆ.