ಅಜ್ಜನ ಸರ್ವೆ ನಂಬರು

ಪಹಣಿಯೆಲ್ಲ ಇನ್ನೂ ಕೈಬರಹದ ಪುಸ್ತಕದಲ್ಲಿದ್ದ ಕಾಲ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿ ಹೋಬಳಿಯ ರೈತರೊಬ್ಬರು ಮೊಮ್ಮಗನ ಕೈ ಹಿಡಿದು ಗ್ರಾಮಲೆಕ್ಕಿಗರ ಬಳಿ ಬಂದರು. ಶೇಂಗಾ ಬಿತ್ತನೆಗೆ ಸೊಸೈಟಿ ಸಾಲ ಬೇಕಿತ್ತು. ಸಾಲಕ್ಕೆ ಪಹಣಿ ಬೇಕಿತ್ತು.

“ಸರ್ವೆ ನಂಬರ್ ಎಷ್ಟು ಯಜಮಾನ್ರೆ?”

“ನಂಬ್ರು ಎಲ್ಲಿ ನೆನಪಿರ್ತೈತೆ ಸ್ವಾಮಿ? ನಮ್ಮಪ್ಪನ ಹೆಸ್ರು ಹೇಳ್ತೀನಿ, ನೋಡ್ರಿ.”

ಲೆಕ್ಕಿಗರು ಒರಟರಲ್ಲ. ಆದರೆ ಪುಸ್ತಕವಿದ್ದದ್ದು ಸರ್ವೆ ನಂಬರಿನ ಕ್ರಮದಲ್ಲಿ. ನಂಬರು ಹೇಳಿದ್ದರೆ ಅರೆ ನಿಮಿಷದ ಕೆಲಸ. ಹೆಸರು ಹೇಳಿದ್ದರಿಂದ ಮೊದಲ ಹಾಳೆಯಿಂದ ಒಂದೊಂದನ್ನೇ ಮಗುಚಬೇಕಾಯಿತು. ಹಾಳೆ ಸಿಕ್ಕಾಗ ಸಂಜೆಯಾಗಿತ್ತು, ಸೊಸೈಟಿಯ ಬಾಗಿಲು ಮುಚ್ಚಿತ್ತು. ಮರುದಿನ ಭಾನುವಾರ. ಸಾಲ ಕೈಗೆ ಬರುವಷ್ಟರಲ್ಲಿ ನೆಲದ ಹದ ಆರಿಹೋಗಿತ್ತು.

“ಅಜ್ಜ, ಹೆಸರಿನ ಪಟ್ಟಿ ಒಂದು ಬೇರೆ ಬರೆದಿಟ್ಟಿದ್ರೆ ಆಗ್ತಿರಲಿಲ್ವಾ?” ಎಂದು ದಾರಿಯಲ್ಲಿ ಹುಡುಗ ಕೇಳಿದ. ಅಜ್ಜ ಉತ್ತರ ಕೊಡಲಿಲ್ಲ.

ಆ ಹುಡುಗ ಈಗ ಬೆಂಗಳೂರಿನಲ್ಲಿ ಮಾಹಿತಿ ಕೋಶಗಳನ್ನು, ಎಂದರೆ ಡೇಟಾಬೇಸ್‌ಗಳನ್ನು, ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಅಂದು ಅವನು ಕೇಳಿದ್ದಕ್ಕೆ ಗಣಕಶಾಸ್ತ್ರದಲ್ಲಿ ಒಂದು ಹೆಸರಿದೆ: ಸೆಕೆಂಡರಿ ಇಂಡೆಕ್ಸ್, ಎರಡನೆಯ ಸೂಚಿ. ಮೂಲ ಪಟ್ಟಿ ಒಂದು ಕ್ರಮದಲ್ಲಿರುತ್ತದೆ. ಬೇರೆ ಕ್ರಮದಲ್ಲಿ ಹುಡುಕುವವರಿಗಾಗಿ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪಟ್ಟಿ. ಅದರಲ್ಲಿ ಹೆಸರು, ಹೆಸರಿನ ಮುಂದೆ ‘ಇಂಥ ಹಾಳೆ ನೋಡಿ’ ಎಂಬ ಗುರುತು, ಅಷ್ಟೇ. ಪಠ್ಯಪುಸ್ತಕದ ಕೊನೆಯ ಅಕಾರಾದಿ ಸೂಚಿಯೂ ಇದೇ ಜಾತಿಯದು.

ಅದರ ಬಲ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. 2 ಕೋಟಿ ಹಾಳೆಗಳನ್ನು ಒಂದೊಂದಾಗಿ ನೋಡಿದರೆ, ಅದೃಷ್ಟ ಕೆಟ್ಟಾಗ 2 ಕೋಟಿ ಸಲ ನೋಡಬೇಕು. ಅದೇ ಅಕ್ಷರ ಕ್ರಮದ ಸೂಚಿಯಿದ್ದರೆ ನಿಘಂಟಿನಂತೆ ನಡುವೆ ತೆರೆದು, ಬೇಕಾದ ಅರ್ಧವನ್ನು ಉಳಿಸಿಕೊಂಡು, ಅದನ್ನು ಮತ್ತೆ ಅರ್ಧ ಮಾಡುತ್ತಾ ಹೋದರೆ 25 ಸಲಕ್ಕೆ ಕೆಲಸ ಮುಗಿಯುತ್ತದೆ. ಎರಡನ್ನು ಎರಡರಿಂದ ಗುಣಿಸುತ್ತಾ 25ನೇ ಘಾತಕ್ಕೆ ಹೋದರೆ 3 ಕೋಟಿ ದಾಟುತ್ತದೆ. ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು.

ಹಾಗಾದರೆ ಎಲ್ಲಕ್ಕೂ ಒಂದೊಂದು ಸೂಚಿ ಮಾಡಿಬಿಡಬಾರದೇಕೆ? ಇಲ್ಲೇ ತೊಡಕು. ಜಮೀನು ಕೈ ಬದಲಾದರೆ ಮೂಲ ಪುಸ್ತಕವನ್ನು ತಿದ್ದಿದರೆ ಸಾಲದು, ಆ ಹೆಸರಿರುವ ಪ್ರತಿ ಸೂಚಿಯನ್ನೂ ತಿದ್ದಬೇಕು. ಸೂಚಿ ಹೆಚ್ಚಿದಷ್ಟೂ ಓದುವುದು ಸಲೀಸು, ಬರೆಯುವುದು ಭಾರ. ಕ್ಲೌಡ್‌ನಲ್ಲಂತೂ, ಅಂದರೆ ಬೇರೆಯವರ ದೊಡ್ಡ ಯಂತ್ರಗಳಲ್ಲಿ ಬಾಡಿಗೆಗೆ ಪಡೆದ ಜಾಗದಲ್ಲಿ, ಸೂಚಿಯ ಜಾಗಕ್ಕೂ ಅದರ ತಿದ್ದುಪಡಿಗೂ ದುಡ್ಡು ತೆರಬೇಕು. ಅಮೆಜಾನ್ ಕಂಪನಿಯ ಡೈನಮೋಡಿಬಿಯಲ್ಲಿ 2013ರಲ್ಲಿ ಬಂದ ಗ್ಲೋಬಲ್ ಸೆಕೆಂಡರಿ ಇಂಡೆಕ್ಸ್ ಮೂಲ ಪಟ್ಟಿಗಿಂತ ಕ್ಷಣ ಹೊತ್ತು ಹಿಂದೆ ಉಳಿಯಲೂಬಹುದು. ಜಮೀನು ಮಾರಿದವನ ಹೆಸರೇ ಇನ್ನೂ ಕಾಣಿಸಿದಂತೆ!

ಯಾವ ಸೂಚಿ ಬೇಕು, ಯಾವುದು ಬೇಡ ಎಂದು ಹೇಳುವುದು ಹಿಂದೆ ಅನುಭವಿಗಳ ಕೆಲಸವಾಗಿತ್ತು. ಅದನ್ನು ಯಂತ್ರಕ್ಕೇ ಕಲಿಸುವ ದಾರಿಯೊಂದನ್ನು ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಸುರಜಿತ್ ಚೌಧುರಿ ಮತ್ತು ವಿವೇಕ್ ನರಸಯ್ಯ 1997ರಲ್ಲಿ ಪ್ರಕಟಿಸಿದರು. ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಈ ಸಲಹೆಗಾರ ಕೂಡಿಹಾಕುತ್ತದೆ. ‘ಇಂಥ ಸೂಚಿ ಇದ್ದಿದ್ದರೆ ಎಷ್ಟು ಶ್ರಮ ಉಳಿಯುತ್ತಿತ್ತು?’ ಎಂದು, ಸೂಚಿಯನ್ನು ನಿಜವಾಗಿ ಕಟ್ಟದೆಯೇ, ಅಂದಾಜು ಮಾಡುತ್ತದೆ. ಲಾಭ ಹೆಚ್ಚಿದ್ದರೆ ಶಿಫಾರಸು. ಇಂದಿನ ಸಲಹೆಗಾರರು ಬಳಕೆಯಿಲ್ಲದ ಸೂಚಿಯನ್ನು ತೆಗೆದುಹಾಕಿ ಎಂದೂ ಹೇಳುತ್ತಾರೆ.

ಒಂದು ದಿನ ಈ ಯುವಕನ ಪರದೆಯ ಮೇಲೆ ಅಂಥದೇ ಸಲಹೆ ಬಂತು. ಅದು ವಿದ್ಯಾರ್ಥಿವೇತನದ ಅರ್ಜಿಗಳ ಪಟ್ಟಿ. ಅರ್ಜಿ ಸಂಖ್ಯೆಯಿಂದ ಹುಡುಕುವವರು ಸಾವಿರಾರು. ಹೆಸರು, ತಂದೆಯ ಹೆಸರು, ಊರು ಸೇರಿಸಿ ಮಾಡಿದ ಇನ್ನೊಂದು ಸೂಚಿಯ ಬಳಕೆ ತಿಂಗಳಿಗೆ ಬೆರಳೆಣಿಕೆಯಷ್ಟು. ‘ಇದನ್ನು ತೆಗೆದರೆ ಖರ್ಚು ಉಳಿತಾಯ’ ಎಂದಿತ್ತು ಶಿಫಾರಸು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅವನು ಗುಂಡಿ ಒತ್ತಲಿಲ್ಲ. ಆ ಬೆರಳೆಣಿಕೆಯವರು ಯಾರೆಂದು ತೆಗೆದು ನೋಡಿದ. ಅರ್ಜಿಯ ಚೀಟಿ ಕಳೆದುಕೊಂಡವರು, ಮೊಬೈಲ್ ನಂಬರು ಬದಲಾದವರು, ಸೈಬರ್ ಕೇಂದ್ರದವರ ಕೈಲಿ ಅರ್ಜಿ ತುಂಬಿಸಿ ಸಂಖ್ಯೆ ಬರೆದುಕೊಳ್ಳದೆ ಬಂದ ತಂದೆತಾಯಿಗಳು. ಹೆಸರೊಂದನ್ನು ಬಿಟ್ಟರೆ ಅವರ ಕೈಯಲ್ಲಿ ಬೇರೇನೂ ಇಲ್ಲ. ಕೊನೆಯ ದಿನಾಂಕ ಮೀರಿದರೆ ಮಗುವಿನ ಒಂದು ವರ್ಷದ ಶುಲ್ಕವೇ ಕೈತಪ್ಪುತ್ತದೆ. ಎಷ್ಟು ಸಲ ಕೇಳಿದರು ಎಂಬುದನ್ನು ಯಂತ್ರ ಎಣಿಸಿತ್ತು. ಕೇಳಿದವರಿಗೆ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದು ಅದರ ಎಣಿಕೆಯಲ್ಲಿ ಇರಲಿಲ್ಲ.

‘ಈ ಸೂಚಿ ಇರಲಿ’ ಎಂದು ಕಾರಣ ಸಮೇತ ಬರೆದು ಅವನು ಮೇಲಿನವರಿಗೆ ಕಳಿಸಿದ. ಖರ್ಚಿನ ಬಗ್ಗೆ ಒಂದೆರಡು ಪ್ರಶ್ನೆ ಬಂದವು, ಕೊನೆಗೆ ಒಪ್ಪಿದರು. ಸಲಹೆ ಕೇಳುವುದು ಜಾಣತನ. ಆದರೆ ಸಲಹೆಗಾರನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ತಿಳಿದಿರುವುದೇ ವಿದ್ಯೆ. ಗಣಿತ ಕಲಿಯುವ ಮಕ್ಕಳಿಗೆ ಈ ಮಾತನ್ನೂ ಜೊತೆಗೆ ಕಲಿಸಬೇಕು.

ಅಂದು ಅಜ್ಜ ಮಾತ್ರ ತನ್ನದೇ ದಾರಿ ಹಿಡಿದಿದ್ದರು. ಮನೆಗೆ ಬಂದವರೇ ಮೊಮ್ಮಗನ ಕೈಗೆ ಇದ್ದಿಲಿನ ಚೂರು ಕೊಟ್ಟು, ಬಾಗಿಲ ಹಿಂದಿನ ಗೋಡೆಯ ಮೇಲೆ ಸರ್ವೆ ನಂಬರನ್ನು ದೊಡ್ಡದಾಗಿ ಬರೆಸಿದರು. ಅದರ ಪಕ್ಕದಲ್ಲಿ ತಂದೆಯ ಹೆಸರನ್ನೂ ಬರೆಯಲು ಹೇಳಿದರು. ವರ್ಷವರ್ಷ ಸುಣ್ಣ ಬಳಿಯುವಾಗಲೂ ಅಷ್ಟು ಜಾಗವನ್ನು ಬಿಟ್ಟೇ ಬಳಿಯುತ್ತಿದ್ದರು.